ಮೆಟ್ಟಿಲ ಕೆಳಗಿನ ಅಭ್ಯರ್ಥಿ

ಪಾರ್ಲಿಮೆಂಟಿಗೆ ಸ್ಪರ್ಧಿಸುವವರು ಸಾಮಾನ್ಯವಾಗಿ ಮೊದಲು ಯೋಚಿಸುತ್ತಾರೆ, ಆಮೇಲೆ ಫಾರಂ ತುಂಬುತ್ತಾರೆ. ಅರ್ಜಿಯಣ್ಣ ಮೊದಲು ಫಾರಂ ತುಂಬಿದ. ಯೋಚಿಸುವ ಕೆಲಸ ಆಮೇಲೂ ಅವನ ಪಾಲಿಗೆ ಬರಲಿಲ್ಲ. ಅದನ್ನು ಅವನ ಪರವಾಗಿ ಊರಿನವರೇ ಮಾಡಿ ಮುಗಿಸಿದರು.

ಅರ್ಜಿಯಣ್ಣ ಎನ್ನುವುದು ಅವನ ಹೆಸರಲ್ಲ, ಕೆಲಸ. ಜಿಲ್ಲಾ ಕಚೇರಿಯ ಮೆಟ್ಟಿಲ ಕೆಳಗೆ, ತಲೆ ಎತ್ತಿದರೆ ಏಳನೆಯ ಮೆಟ್ಟಿಲಿಗೆ ತಗಲುವಂಥ ಜಾಗದಲ್ಲಿ ಒಂದು ಮೇಜು, ಒಂದು ಕುರ್ಚಿ ಹಾಕಿಕೊಂಡು ಇಪ್ಪತ್ತಾರು ವರ್ಷಗಳಿಂದ ಜನರ ಅರ್ಜಿ ಬರೆದುಕೊಡುತ್ತಿದ್ದ. ಆ ಜಾಗದಲ್ಲಿ ಕೂರಲು ಯಾರೂ ಅವನಿಗೆ ಅನುಮತಿ ಕೊಟ್ಟಿರಲಿಲ್ಲ. ಕಚೇರಿಯಲ್ಲಿ ಎಲ್ಲರ ಅರ್ಜಿಯೂ ಇತ್ತು, ಅವನದೊಂದು ಬಿಟ್ಟು.

ಅವನ ಮೇಜಿನ ಮೇಲೆ ಅಡ್ಡಲಾಗಿ ಒಂದು ದಾರ. ದಾರಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ಸಾಲಾಗಿ ತುಂಬಿದ ಫಾರಂಗಳು. ಇವು ಮಾದರಿಗಳು. ಬಂದವರು ಕತ್ತೆತ್ತಿ ನೋಡಿ, ಯಾವ ಕಾಲಮಿನಲ್ಲಿ ಏನು ಬರೆಯಬೇಕು, ಎಲ್ಲಿ ಸಹಿ ಹಾಕಬೇಕು ಎಂದು ತಿಳಿದುಕೊಳ್ಳಲಿ ಎಂಬ ಸದುದ್ದೇಶ. ಮಾದರಿಗಳಲ್ಲೆಲ್ಲ ಅವನು ಬರೆಯುತ್ತಿದ್ದುದು ತನ್ನದೇ ಹೆಸರು, ತನ್ನದೇ ವಿಳಾಸ. ಇರುವವರ ಹೆಸರು ಬರೆಯೋಣವೆಂದರೆ ಅವರು ಒಪ್ಪಬೇಕು. ಇಲ್ಲದವರ ಹೆಸರು ಬರೆಯೋಣವೆಂದರೆ ಅದು ಸುಳ್ಳು ದಾಖಲೆ. ಹೀಗಾಗಿ ದಾರದ ಮೇಲೆ ಅವನು ಎರಡು ಸಲ ಹುಟ್ಟಿದ್ದ, ಒಂದು ಸಲ ಗುರುತಿನ ಚೀಟಿ ಕಳೆದುಕೊಂಡಿದ್ದ, ನಳದ ಸಂಪರ್ಕ ಕೇಳಿದ್ದ, ನಾಯಿ ಸಾಕಲು ಪರವಾನಗಿ ಪಡೆದಿದ್ದ, ಮತ್ತು ಹದಿನಾಲ್ಕು ವರ್ಷಗಳಿಂದ ಸತ್ತಿದ್ದ.

ಈ ಕೊನೆಯದರ ಬಗ್ಗೆ ಅವನ ಹೆಂಡತಿಗೆ ತಕರಾರಿತ್ತು. ಅವಳು ಮನೆಯಲ್ಲಿ ಬಟ್ಟೆ ಹೊಲಿಯುವವಳು. ಮಾತು ಕಡಿಮೆ, ಹೊಲಿಗೆ ಬಿಗಿ. ಊಟದ ಡಬ್ಬಿ ಕೊಡಲು ಬಂದಾಗಲೆಲ್ಲ ದಾರದ ಕೊನೆಯಲ್ಲಿ ತೂಗುವ ಮರಣ ನೋಂದಣಿ ಅರ್ಜಿಯನ್ನು ನೋಡಿ, ಅದೊಂದನ್ನು ತೆಗೀರಿ ಎನ್ನುತ್ತಿದ್ದಳು.

“ಇನ್ಯಾರನ್ನ ಸಾಯಿಸ್ಲಿ, ನೀನೇ ಹೇಳು,” ಎನ್ನುತ್ತಿದ್ದ ಅರ್ಜಿಯಣ್ಣ. ಫಾರಂ ಅಲ್ಲೇ ತೂಗುತ್ತಿತ್ತು.

ಚುನಾವಣೆ ಘೋಷಣೆಯಾದಾಗ ಊರಿನ ಬಸ್ ಮಾಲೀಕರಿಗೆ ಪಕ್ಷೇತರರಾಗಿ ನಿಲ್ಲುವ ಆಸೆಯಾಯಿತು. ಅವರ ಬಳಿ ಎರಡು ಬಸ್ಸುಗಳಿದ್ದವು, ಎರಡರ ಹಿಂದೆಯೂ ಅವರದೇ ಚಿತ್ರವಿತ್ತು. ನಾಮಪತ್ರ ತುಂಬಿಸಲು ಅವರು ಬಂದದ್ದು ಮೆಟ್ಟಿಲ ಕೆಳಗೆ. ಅಲ್ಲಿಯ ನಿಯಮದಂತೆ ಠೇವಣಿ ಗೀವಣಿ ಏನೂ ಇಲ್ಲ, ಹತ್ತು ಜನ ಮತದಾರರ ಸಹಿ ಇದ್ದರೆ ಸಾಕಿತ್ತು. ಆದರೆ ಎಂಟು ಪುಟದ ಆ ಫಾರಂನಲ್ಲಿ ಅಭ್ಯರ್ಥಿ ಒಂಬತ್ತು ಕಡೆ ಸಹಿ ಹಾಕಬೇಕಿತ್ತು, ಆರು ಕಡೆ ಹಾಕಬಾರದಿತ್ತು. ಮಾಲೀಕರು ತಬ್ಬಿಬ್ಬಾದರು. ಅರ್ಜಿಯಣ್ಣ ಅಭ್ಯಾಸದಂತೆ ಒಂದು ಮಾದರಿ ತಯಾರಿಸಿದ. ತನ್ನ ಹೆಸರು ಬರೆದ. ಚಹಾದವನು, ಜೆರಾಕ್ಸಿನವನು, ಎದುರಿನ ಸೈಕಲ್ ಅಂಗಡಿಯವನು ಮೊದಲಾದ ಹತ್ತು ಜನರ ಕೈಲಿ ಸಹಿ ಹಾಕಿಸಿದ. ಅವನ ಮಾದರಿಗಳಿಗೆ ಸಾಕ್ಷಿ ಹಾಕಿ ಹಾಕಿ ಅವರಿಗೆ ಏನು, ಎತ್ತ ಎಂದು ಕೇಳುವ ಚಟ ಬಿಟ್ಟುಹೋಗಿತ್ತು. ಮಾದರಿ ಎಂದರೆ ಅರ್ಧಂಬರ್ಧ ಇರಬಾರದು ಎನ್ನುವುದು ಅವನ ಸಿದ್ಧಾಂತ. ಆ ಸಿದ್ಧಾಂತವೇ ಅವನನ್ನು ಹಳ್ಳಕ್ಕೆ ಕೆಡವಿತು.

ಕೊನೆಯ ದಿನ, ಕೊನೆಯ ಗಳಿಗೆ. ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕುತ್ತಾರೆ. ಬಸ್ ಮಾಲೀಕರು ಎರಡೂಮುಕ್ಕಾಲಿಗೆ ಬಂದು, ಒಳಗೆ ಹೋದಾಗ ಕೈಕಾಲು ಆಡುವುದಿಲ್ಲ, ನೀವೂ ಜೊತೆಗೆ ಬನ್ನಿ ಎಂದು ಅರ್ಜಿಯಣ್ಣನನ್ನು ಎಳೆದುಕೊಂಡು ಹೋದರು. ಎಲ್ಲಿ ಸಹಿ ಎಂದು ತೋರಿಸಲು ಅವನು ದಾರದಿಂದ ಮಾದರಿಯನ್ನು ಬಿಚ್ಚಿ ಕೈಲಿ ಹಿಡಿದುಕೊಂಡ. ಸಾಲಿನಲ್ಲಿ ಅವನು ಮುಂದೆ, ಮಾಲೀಕರು ಹಿಂದೆ. ಮಾಲೀಕರು ಜೇಬಿನಲ್ಲಿ ಕನ್ನಡಕ ಹುಡುಕುತ್ತಿದ್ದಾಗ ಚುನಾವಣಾಧಿಕಾರಿ ತಲೆ ಎತ್ತದೆ ಕೈ ಚಾಚಿದರು, ಅರ್ಜಿಯಣ್ಣನ ಕೈಲಿದ್ದುದನ್ನು ತೆಗೆದುಕೊಂಡರು.

ಅಧಿಕಾರಿ ಅಂದು ಬೆಳಗಿನಿಂದ ಹತ್ತೊಂಬತ್ತು ನಾಮಪತ್ರಗಳನ್ನು ತಪ್ಪುಗಳಿವೆ ಎಂದು ತಿದ್ದಿಸಿ ತಿದ್ದಿಸಿ ಹೈರಾಣಾಗಿದ್ದರು. ಮೊದಲ ಪುಟ ನೋಡಿದರು. ಎರಡನೆಯದು ನೋಡಿದರು. ಎಂಟನೆಯದನ್ನು ಮುಗಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ, ಅಕ್ಷರ ಮುತ್ತು ಪೋಣಿಸಿದಂತೆ.

“ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಸರಿಯಾಗಿ ತುಂಬಿದ ಒಂದು ಫಾರಂ ಇವತ್ತು ನೋಡಿದೆ,” ಎಂದು ಹೇಳಿ, ಪಕ್ಕದವರಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಗುಮಾಸ್ತರು ಎದ್ದು ನಿಂತು ನೋಡಿದರು. ಒಬ್ಬಾಕೆ, ಗೆರೆ ಹಾಕಿ ಬರೆದಿರಬೇಕು ಎಂದು ಹಾಳೆಯನ್ನು ಬೆಳಕಿಗೆ ಹಿಡಿದಳು.

ಇಪ್ಪತ್ತಾರು ವರ್ಷ ಆ ಕಟ್ಟಡದ ಮೆಟ್ಟಿಲು ಅವನ ತಲೆಯ ಮೇಲಿತ್ತು. ಆ ಮೆಟ್ಟಿಲು ಹತ್ತಿ ಇಳಿದ ಒಬ್ಬ ಅಧಿಕಾರಿಯೂ ಅವನ ಅಕ್ಷರ ಚೆನ್ನಾಗಿದೆ ಎಂದಿರಲಿಲ್ಲ. ಸಾರ್, ಇದು ಮಾದರಿ, ಎನ್ನಲು ಅರ್ಜಿಯಣ್ಣ ಬಾಯಿ ತೆರೆದ. ಇನ್ನೊಂದು ನಿಮಿಷ ಕಳೆಯಲಿ, ಆ ಮೂಲೆಯ ಗುಮಾಸ್ತರೊಬ್ಬರು ನೋಡುವುದು ಬಾಕಿ ಇದೆ, ಎಂದು ಮುಚ್ಚಿದ. ಅಷ್ಟರಲ್ಲಿ ಮೊಹರು ಬಿತ್ತು. ಗಡಿಯಾರ ಮೂರು ಹೊಡೆಯಿತು. ಬಸ್ ಮಾಲೀಕರು ಅಭ್ಯರ್ಥಿಯ ಜಾಗ ಬಿಟ್ಟು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದ್ದರಿಂದ ಅವರದು ತಿರಸ್ಕೃತವಾಯಿತು.

ಹೊರಗೆ ಬಂದ ಮಾಲೀಕರ ಮುಖ ಸುಟ್ಟ ಬದನೆಯಂತಾಗಿತ್ತು. “ಫಾರಂ ತುಂಬಿ ಅಂತ ಕೊಟ್ರೆ ಸೀಟನ್ನೇ ತುಂಬ್ಕೊಂಡ್ರಲ್ಲ, ಅರ್ಜಿಯಣ್ಣ,” ಎಂದಷ್ಟೇ ಅಂದು ತಮ್ಮದೇ ಬಸ್ಸು ಹತ್ತಿ ಹೋದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಬಂದು ಕೂತಿತ್ತು. ಅದನ್ನು ತಂದವನು ಭಾವಮೈದುನ. ಅವನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ವ್ಯಾಪಾರ. ಧ್ವನಿವರ್ಧಕಗಳ ನಡುವೆ ಬೆಳೆದವನಾದ್ದರಿಂದ ಎದುರಿಗಿರುವವರ ಜೊತೆಗೂ ಆಚೆ ಬೀದಿಗೆ ಕೇಳುವಂತೆ ಮಾತಾಡುತ್ತಿದ್ದ. ಭಾವ ಪಾರ್ಲಿಮೆಂಟಿಗೆ ನಿಂತಿದ್ದಾರೆ ಎಂಬುದನ್ನು ಅವನು ಅಕ್ಕನಿಗೆ ಹೇಳಿದಾಗ ಅಕ್ಕಪಕ್ಕದ ಹದಿನಾರು ಮನೆಗಳಿಗೂ ಹೇಳಿದಂತಾಯಿತು.

ಹೆಂಡತಿ ಹೊಲಿಗೆ ಯಂತ್ರದ ಮುಂದೆ ತನ್ನ ಸ್ಟೂಲಿನ ಮೇಲೆ ಕೂತಿದ್ದಳು. ಕಾಲು ನಿಲ್ಲಿಸಲಿಲ್ಲ.

“ನಿಜಾನಾ?” ಎಂದಳು.

“ಮಾದರಿ ಅದು. ಕೈತಪ್ಪಿ ಹೋಯ್ತು.”

“ಬಾಯಲ್ಲಿ ಹೇಳ್ಬೇಕಿತ್ತು.”

“ಹೇಳೋಣ ಅಂತಿದ್ದೆ. ಅಕ್ಷರ ನೋಡ್ತಾ ಇದ್ರು.”

ಅವಳು ಒಂದು ತೋಳು ಹೊಲಿದು ಮುಗಿಸಿ ದಾರ ಕಡಿದಳು. “ಪುಣ್ಯ. ಆ ಇನ್ನೊಂದು ಫಾರಂ ಕೈಲಿ ಹಿಡ್ಕೊಂಡು ಒಳಗೆ ಹೋಗ್ಲಿಲ್ವಲ್ಲ,” ಎಂದಳು.

ಮರುದಿನ ಬೆಳಿಗ್ಗೆ ಮೆಟ್ಟಿಲ ಕೆಳಗೆ ಏನೂ ಇರಲಿಲ್ಲ. ಮೇಜಿನ ನಾಲ್ಕು ಕಾಲು ಇದ್ದ ಕಡೆ ನೆಲದಲ್ಲಿ ನಾಲ್ಕು ಬಿಳಿ ಚೌಕ ಮಾತ್ರ. ಅರ್ಜಿಯಣ್ಣ ಮೇಲೆ ಓಡಿ ಹೆಡ್ ಗುಮಾಸ್ತರ ಮುಂದೆ ನಿಂತ.

ಹೆಡ್ ಗುಮಾಸ್ತರಿಗೆ ಮಂಡಿನೋವು. ಹತ್ತು ಗಂಟೆಗೆ ಕುರ್ಚಿಯಲ್ಲಿ ಕೂತರೆ ಐದೂವರೆಗೆ ಏಳುವವರು. ನಡುವೆ ಕಟ್ಟಡಕ್ಕೆ ಬೆಂಕಿ ಬಿದ್ದರೂ ಅದರ ಕಡತ ತರಿಸಿ ನೋಡುವವರು. ಅವರು ಕೂತಲ್ಲಿಂದಲೇ ನಿಯಮದ ಪುಸ್ತಕ ತೆರೆದು ತೋರಿಸಿದರು. ಚುನಾವಣಾ ಕಚೇರಿಯ ಆವರಣದಲ್ಲಿ ಯಾವ ಅಭ್ಯರ್ಥಿಯೂ ಕೆಲಸದ ಜಾಗ ಹೊಂದಿರತಕ್ಕದ್ದಲ್ಲ. ಮೇಜು ಕುರ್ಚಿ ದಾಖಲೆ ಕೋಣೆಯಲ್ಲಿವೆ, ಬೀಗ ಹಾಕಿದೆ.

ಎಲ್ಲಿಯವರೆಗೆ ಎಂದು ಅರ್ಜಿಯಣ್ಣ ಕೇಳಿದ. ಫಲಿತಾಂಶದವರೆಗೆ. ಆಮೇಲೆ? ಆಮೇಲಿನದು ಹೇಳಲು ಬರುವುದಿಲ್ಲ, ಆ ಜಾಗದಲ್ಲಿ ಒಂದು ಮಾಹಿತಿ ಯಂತ್ರ ನಿಲ್ಲಿಸಬೇಕೆಂದು ಮೇಲಿನಿಂದ ಪತ್ರ ಬಂದಿದೆ, ಗುಂಡಿ ಒತ್ತಿದರೆ ಅದೇ ಎಲ್ಲ ಹೇಳುತ್ತದಂತೆ.

“ಗೆದ್ರೆ ನಿಮಗೆ ಆ ಜಾಗ ಬೇಕಾಗಲ್ಲ,” ಎಂದರು ಹೆಡ್ ಗುಮಾಸ್ತರು. “ಸೋತ್ರೆ ನೋಡೋಣ.”

ಆ ‘ನೋಡೋಣ’ ಎಂಬ ಮಾತು ಸರಕಾರಿ ಕಚೇರಿಯಲ್ಲಿ ಎಷ್ಟು ದೂರದ್ದು ಎಂದು ಅರ್ಜಿಯಣ್ಣನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಂದಿನಿಂದ ಅವನ ಮನಸ್ಸಿನಲ್ಲಿ ಒಂದೇ ವಿಷಯ: ಹೇಗಾದರೂ ಮಾಡಿ ಈ ಅಭ್ಯರ್ಥಿತನದಿಂದ ಕಳಚಿಕೊಂಡು ಏಳನೆಯ ಮೆಟ್ಟಿಲ ಕೆಳಗೆ ಸೇರಬೇಕು.

ರಸ್ತೆಯಾಚೆ ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ಅವನ ತಾತ್ಕಾಲಿಕ ಸಂಸಾರ ಶುರುವಾಯಿತು. ದಿನವೂ ಸಂಜೆ ಚೀಲದಲ್ಲಿ ಮನೆಗೆ ಒಯ್ಯುತ್ತಿದ್ದ ದಾರವನ್ನು ಮಾದರಿಗಳ ಸಮೇತ ಅಂಗಡಿಯ ಕೊಕ್ಕೆಯಿಂದ ದೀಪದ ಕಂಬಕ್ಕೆ ಕಟ್ಟಿದ. ಮೇಜಿಲ್ಲದೆ ತೊಡೆಯ ಮೇಲೆ ಹಲಗೆ ಇಟ್ಟು ಬರೆದ.

ದೇವರೇ ಕಣ್ಣು ಬಿಟ್ಟನೋ ಎಂಬಂತೆ ನಾಮಪತ್ರ ಪರಿಶೀಲನೆಯ ದಿನ ಒಂದು ದಾರಿ ಕಂಡಿತು. ದೊಡ್ಡ ಪಕ್ಷವೊಂದರ ವಕೀಲರು ಎದ್ದು, ಈ ಪಕ್ಷೇತರ ಅಭ್ಯರ್ಥಿ ಹದಿನಾಲ್ಕು ವರ್ಷಗಳ ಹಿಂದೆಯೇ ತೀರಿಕೊಂಡಿದ್ದಾರೆ, ಅವರ ನಾಮಪತ್ರ ತಿರಸ್ಕರಿಸಬೇಕು ಎಂದರು. ಸಾಕ್ಷಿಗೆ ದಾರದ ಮೇಲಿನ ಫಾರಂನ ಫೋಟೋ ಹಾಜರುಪಡಿಸಿದರು. ಅರ್ಜಿಯಣ್ಣನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹೌದು ಸಾರ್, ಅವರು ಹೇಳುವುದರಲ್ಲಿ ಅರ್ಥವಿದೆ ಎಂದು ತಾನೂ ದನಿಗೂಡಿಸಿದ.

ಅಧಿಕಾರಿ ಫೋಟೋವನ್ನು ದೀರ್ಘವಾಗಿ ನೋಡಿದರು.

“ಎಷ್ಟು ಅಚ್ಚುಕಟ್ಟಾಗಿ ಸತ್ತಿದ್ದೀರಿ,” ಎಂದರು. “ಆದರೆ ಮೊಹರಿಲ್ಲ. ಮೊಹರಿಲ್ಲದೆ ಯಾರನ್ನೂ ಸತ್ತವರೆಂದು ಒಪ್ಪೋಕೆ ಬರಲ್ಲ.”

ಅರ್ಜಿಯಣ್ಣ ಜೀವಂತನೆಂದು ದಾಖಲಾಯಿತು. ಅವನು ಜೋಲುಮುಖ ಹಾಕಿಕೊಂಡು ಹೊರಬಂದ.

ಉಳಿದದ್ದು ನಾಮಪತ್ರ ಹಿಂತೆಗೆದುಕೊಳ್ಳುವ ದಿನ. ಅದಕ್ಕೂ ಒಂದು ಫಾರಂ, ಅದಕ್ಕೂ ಮೂರು ಗಂಟೆಯ ಗಡುವು. ಈ ಸಲ ತಪ್ಪಬಾರದೆಂದು ಅರ್ಜಿಯಣ್ಣ ಬೆಳಿಗ್ಗೆ ಒಂಬತ್ತಕ್ಕೇ ಕಟ್ಟೆಯ ಮೇಲೆ ಕೂತು, ತನ್ನ ಹಿಂತೆಗೆತದ ಅರ್ಜಿಯನ್ನು ಉಸಿರು ಬಿಗಿಹಿಡಿದು ತುಂಬಿದ. ಅದು ಅವನ ಜೀವಮಾನದ ಅತ್ಯುತ್ತಮ ಬರವಣಿಗೆಯಾಗಿತ್ತು ಎಂದು ಬಲ್ಲವರು ಇಂದಿಗೂ ಹೇಳುತ್ತಾರೆ. ಶಾಯಿ ಆರುವಷ್ಟರಲ್ಲಿ ಹಿಂದೆಗೆಯಲು ಬಂದ ಆರು ಜನ ಪಕ್ಷೇತರರು ಸಾಲುಗಟ್ಟಿದರು. ಎಲ್ಲಿ ಸಹಿ, ಹೇಗೆ ಬರೆಯುವುದು, ಒಂದು ಮಾದರಿ ತೋರಿಸಿ, ಎಂದರು. ಅರ್ಜಿಯಣ್ಣನ ತಲೆ ಏನನ್ನೂ ಯೋಚಿಸಲಿಲ್ಲ. ಇಪ್ಪತ್ತಾರು ವರ್ಷ ಮಾಡಿದ್ದನ್ನು ಕೈ ತಾನೇ ಮಾಡಿತು. ಎದುರಿಗಿದ್ದ ಫಾರಂ ಎತ್ತಿ ದಾರಕ್ಕೆ ಸಿಕ್ಕಿಸಿತು.

ಆರು ಜನರದೂ ತುಂಬಿ ಕಳಿಸಿದ. ಆರು ಜನರೂ ನಿರಾಳವಾಗಿ ಹಿಂದೆಗೆದು ಮನೆಗೆ ಹೋದರು. ಮೂರಕ್ಕೆ ಐದು ನಿಮಿಷವಿರುವಾಗ ಅರ್ಜಿಯಣ್ಣ ಚೀಲ ಹೆಗಲಿಗೆ ಹಾಕಿ, ರಸ್ತೆ ದಾಟಿ, ಮೆಟ್ಟಿಲು ಹತ್ತಿ, ಅಧಿಕಾರಿಯ ಮುಂದೆ ನಿಂತು, ಚೀಲಕ್ಕೆ ಕೈಹಾಕಿ, ಗಂಭೀರವಾಗಿ ಒಂದು ಖಾಲಿ ಫಾರಂ ತೆಗೆದುಕೊಟ್ಟ.

ಅಧಿಕಾರಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅರ್ಜಿಯಣ್ಣ ಕಿಟಕಿಯಾಚೆ ನೋಡಿದ. ರಸ್ತೆಯಾಚೆ, ದೀಪದ ಕಂಬದ ಪಕ್ಕ, ಅವನ ಬಿಡುಗಡೆ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವನು ಕಾಲಿಗೆ ಬುದ್ಧಿ ಹೇಳಿದ. ಮೆಟ್ಟಿಲು ಇಳಿದ, ಲಾರಿಯೊಂದಕ್ಕೆ ಕಾದ, ಕ್ಲಿಪ್ಪು ಕಿತ್ತ, ತಿರುಗಿ ಓಡಿದ. ಬಂದು ಮೇಜಿನ ಮೇಲೆ ಫಾರಂ ಇಟ್ಟಾಗ ಗಡಿಯಾರ ಮೂರು ದಾಟಿ ಎರಡು ನಿಮಿಷ ತೋರಿಸುತ್ತಿತ್ತು.

ಅಧಿಕಾರಿ ಅದನ್ನು ಪೂರ್ತಿ ಓದಿದರು. ಓದುತ್ತಾ ಅವರ ಮುಖದಲ್ಲಿ ನಿಜವಾದ ದುಃಖ ಕಾಣಿಸಿತು.

“ಫಾರಂ ಏನೋ ಅದ್ಭುತವಾಗಿದೆ,” ಎಂದರು. “ಇದನ್ನ ತಿರಸ್ಕರಿಸೋಕೆ ಕೈ ಬರ್ತಿಲ್ಲ.” ಆದರೂ ಕೈ ಬಂತು.

ಆಮೇಲೆ ಚಿಹ್ನೆ ಹಂಚಿದರು. ಒಳ್ಳೊಳ್ಳೆಯ ಚಿಹ್ನೆಗಳನ್ನು ಮುಂಚೆ ಬಂದವರು ಆರಿಸಿಕೊಂಡಾಗಿತ್ತು. ಬಕೆಟ್ಟನ್ನು ಇನ್ನೊಬ್ಬ ಪಕ್ಷೇತರ ಎತ್ತಿಕೊಂಡ. ಪಟ್ಟಿಯಲ್ಲಿ ಉಳಿದದ್ದು ಉಗುರು ಕತ್ತರಿ, ಇಸ್ತ್ರಿಪೆಟ್ಟಿಗೆ ಮತ್ತು ಕುರ್ಚಿ. ನಿಜವಾದ ಕುರ್ಚಿಗೆ ಬೀಗ ಬಿದ್ದಿದೆ, ಕಾಗದದ ಮೇಲಾದರೂ ಇರಲಿ ಎಂದು ಅರ್ಜಿಯಣ್ಣ ಕುರ್ಚಿ ಎಂದ. ಈ ಒಂದು ಪದದ ಬೆಲೆ ಏನೆಂದು ಅವನಿಗೆ ಮತದಾನದ ದಿನ ಗೊತ್ತಾಯಿತು.

ಅಷ್ಟರಲ್ಲಿ ಬಸ್ ಮಾಲೀಕರು ಎರಡೂ ಬಸ್ಸುಗಳಲ್ಲಿ ಒಂದು ಸುದ್ದಿ ಹತ್ತಿಸಿ ಕಳಿಸಿದ್ದರು. ಮೆಟ್ಟಿಲ ಕೆಳಗಿನ ಮನುಷ್ಯ ಸುಮ್ಮನೆ ನಿಂತಿಲ್ಲ, ಯಾರೋ ನಿಲ್ಲಿಸಿದ್ದಾರೆ. ಮತ ಒಡೆಯಲು ಎದುರಾಳಿಗಳೇ ಇವನನ್ನು ಹೂಡಿದ್ದಾರೆ ಎಂದು ಎರಡು ದೊಡ್ಡ ಪಕ್ಷಗಳೂ ನಂಬಿದವು. ಒಂದು ಸಂಜೆ ಒಂದು ಪಕ್ಷದ ಮುಖಂಡರು, ಅವರು ಹೋದ ಅರ್ಧ ಗಂಟೆಗೆ ಇನ್ನೊಂದು ಪಕ್ಷದವರು ಮನೆಗೆ ಬಂದು ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಹಿಂದೆ ಯಾರಿದ್ದಾರೆ?

ಅರ್ಜಿಯಣ್ಣ ಎರಡು ಸಲವೂ ಪ್ರಾಮಾಣಿಕವಾಗಿ, ಬಸ್ ಮಾಲೀಕರಿದ್ದರು, ಕನ್ನಡಕ ಹುಡುಕುತ್ತಿದ್ದರು, ಎಂದ. ಇಷ್ಟು ಆಳವಾದ ಮನುಷ್ಯನನ್ನು ಎರಡು ಪಕ್ಷದವರೂ ಅದುವರೆಗೆ ಕಂಡಿರಲಿಲ್ಲ. ನಿಮ್ಮ ಮನೆಯವರ ಮತವಾದರೂ ಯಾರಿಗೆ ಎಂದು ಹೆಂಡತಿಯನ್ನು ಕೇಳಿದರು. ಅವಳು ಗುಂಡಿ ಹೊಲಿಯುತ್ತಾ, ಅದು ಗುಪ್ತ ಅಂತ ಬೋರ್ಡು ಹಾಕಿದ್ದಾರಲ್ಲ, ಎಂದಳು.

ಭಾವಮೈದುನನಿಗೆ ಮಾತ್ರ ಹಬ್ಬ. ಆಟೋರಿಕ್ಷಾಕ್ಕೆ ನಾಲ್ಕು ಧ್ವನಿವರ್ಧಕ ಕಟ್ಟಿ, ಮೇಲೊಂದು ಕುರ್ಚಿ ತಲೆಕೆಳಗಾಗದಂತೆ ಬಿಗಿದು, ಪ್ರಚಾರಕ್ಕೆ ಹೊರಡಿಸಿದ. ದಿನಕ್ಕೆ ನಾಲ್ಕು ಸಭೆ ಎಂದು ಪಟ್ಟಿ ಮಾಡಿದ. ಮೊದಲ ಸಭೆ ಒಂದು ಬೀದಿಯ ತಿರುವಿನಲ್ಲಿ. ಅರ್ಜಿಯಣ್ಣನಿಗೆ ಭಾಷಣ ಮಾಡಿ ಗೊತ್ತಿಲ್ಲ. ಮೈಕು ಹಿಡಿದು ಕಣ್ಣುಮುಚ್ಚಿದ. ಬಾಯಿಂದ ಬಂದದ್ದು ಅವನಿಗೆ ಬರುವ ಒಂದೇ ಒಂದು ರೂಪ.

“ಇವರಿಗೆ, ಈ ಬೀದಿಯ ಮಾನ್ಯ ಮತದಾರರು. ಮಾನ್ಯರೇ, ವಿಷಯ, ಮತ ನೀಡುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಸದರಿ ಕ್ಷೇತ್ರದ ಕಾಯಂ ನಿವಾಸಿಯಾಗಿದ್ದು, ಅನಿವಾರ್ಯ ಕಾರಣಗಳಿಂದ ಚುನಾವಣೆಗೆ ನಿಂತಿರುತ್ತೇನೆ. ದಯವಿಟ್ಟು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಪ್ರಾರ್ಥನೆ. ಇಂತಿ ತಮ್ಮ ವಿಶ್ವಾಸಿ. ಲಗತ್ತುಗಳು, ಯಾವುದೂ ಇಲ್ಲ.”

ಮುಂದಿನ ಸಾಲಿನ ಮುದುಕರೊಬ್ಬರು, ಏನು ಬೇಕು ಅಂತ ಹೇಳಿ, ಹೇಳಿದ ಮೇಲೆ ಬಾಯಿ ಮುಚ್ಚಿದ ಮೊದಲ ಅಭ್ಯರ್ಥಿ ಇವನು, ಎಂದು ಚಪ್ಪಾಳೆ ತಟ್ಟಿದರು. ಆಮೇಲೆ ಜನ ಗುರುತು ಹಿಡಿದರು. ಇವನು ಮೆಟ್ಟಿಲ ಕೆಳಗಿನ ಅರ್ಜಿಯಣ್ಣ ಅಲ್ಲವೇ, ಅಲ್ಲಿ ಕಾಣುತ್ತಲೇ ಇಲ್ಲವಲ್ಲ, ಎಂದು ಒಬ್ಬಾಕೆ ಒಳಗೆ ಓಡಿ ಮೂರು ಸಲ ವಾಪಸಾದ ನೀರಿನ ಅರ್ಜಿ ತಂದಳು. ಅವಳ ಹಿಂದೆ ಇನ್ನೊಬ್ಬ. ಅರ್ಜಿಯಣ್ಣ ಚರಂಡಿಯ ಕಟ್ಟೆಯ ಮೇಲೆ ಕೂತು ಪೆನ್ನು ತೆಗೆದ. ಎರಡು ವಾರಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ಕಳೆ ಬಂತು. ಅಂದಿನ ಉಳಿದ ಮೂರು ಸಭೆಗಳು ನಡೆಯಲಿಲ್ಲ. ಭಾವಮೈದುನ ಮೊದಮೊದಲು ಮೈ ಪರಚಿಕೊಂಡ. ಮೂರನೆಯ ದಿನಕ್ಕೆ ಸೋತು, ಫಾರಂ ತುಂಬಿಸಿಕೊಳ್ಳುವವರು ನೂಕಬೇಡಿ, ಸಾಲಾಗಿ ಬನ್ನಿ, ಗುರುತಿನ ಚೀಟಿ ಕೈಲಿ ಹಿಡಿದಿರಿ, ಎಂದು ಧ್ವನಿವರ್ಧಕದಲ್ಲಿ ಕೂಗತೊಡಗಿದ. ಮತ ಕೊಡಿ ಎಂದು ಕೇಳಲು ಇಬ್ಬರಿಗೂ ಪುರುಸೊತ್ತಾಗಲಿಲ್ಲ.

ಮತದಾನದ ದಿನ ಬೆಳಿಗ್ಗೆ ಏಳು ಗಂಟೆಗೆ ಮೊದಲ ಮತಗಟ್ಟೆಯಲ್ಲಿ ದೊಡ್ಡ ಪಕ್ಷವೊಂದರ ಏಜೆಂಟ್ ಆಕ್ಷೇಪಣೆ ಎತ್ತಿದ. ಮತಗಟ್ಟೆಯೊಳಗೆ ಯಾವ ಅಭ್ಯರ್ಥಿಯ ಚಿಹ್ನೆಯನ್ನೂ ಪ್ರದರ್ಶಿಸಬಾರದು ಎಂದು ನಿಯಮವಿದೆ. ಇಲ್ಲಿ ನೋಡಿದರೆ ಒಬ್ಬ ಅಭ್ಯರ್ಥಿಯ ಚಿಹ್ನೆಯನ್ನು ಪ್ರದರ್ಶಿಸುವುದಷ್ಟೇ ಅಲ್ಲ, ಸರಕಾರಿ ನೌಕರರು ಅದರ ಮೇಲೆ ಕೂತಿದ್ದಾರೆ.

ಚುನಾವಣಾಧಿಕಾರಿ ಪುಸ್ತಕ ತೆರೆದರು. ಪುಸ್ತಕದಲ್ಲಿ ಹಾಗೇ ಇತ್ತು. ಎಂಟು ಗಂಟೆಗೆ ಕ್ಷೇತ್ರದ ಅಷ್ಟೂ ಮತಗಟ್ಟೆಗಳಿಗೆ ಆದೇಶ ಹೋಯಿತು, ಎಂಟೂವರೆಗೆ ಅಷ್ಟೂ ಕುರ್ಚಿಗಳು ಹೊರಗೆ ಬಿಸಿಲಿನಲ್ಲಿದ್ದವು. ಬೆನ್ನಿರುವ ಬೆಂಚು ಉದ್ದನೆಯ ಕುರ್ಚಿಯೇ ಎಂದು ಏಜೆಂಟರು ವಾದಿಸಿ ಬೆಂಚುಗಳನ್ನೂ ಹೊರಹಾಕಿಸಿದರು. ಬಕೆಟ್ ಬೋರಲು ಹಾಕಿ ಕೂರೋಣವೆಂದರೆ ಅದು ಇನ್ನೊಬ್ಬನ ಚಿಹ್ನೆ. ಸ್ಟೂಲು ಕುರ್ಚಿಯ ಪೈಕಿಗೆ ಸೇರುತ್ತದೋ ಇಲ್ಲವೋ ಎಂಬ ಪ್ರಶ್ನೆಯನ್ನು ರಾಜಧಾನಿಗೆ ಕಳಿಸಲಾಯಿತು. ಸ್ಟೂಲು ಕುರ್ಚಿಯಲ್ಲ, ಬಳಸಬಹುದು ಎಂಬ ಸ್ಪಷ್ಟ ಲಿಖಿತ ಉತ್ತರ ಬಂತು. ಆಗ ಮತದಾನ ಮುಗಿದು ಅರ್ಧ ಗಂಟೆಯಾಗಿತ್ತು.

ಅರ್ಜಿಯಣ್ಣ ಮತ ಹಾಕಬೇಕಿದ್ದುದು ಪಕ್ಕದ ಬೀದಿಯ ಶಾಲೆಯಲ್ಲಿ. ಒಳಗೆ ಕಾಲಿಟ್ಟವನು ಹಾಗೇ ನಿಂತ. ಆ ಮತಗಟ್ಟೆಯ ಮುಖ್ಯಸ್ಥರು ಹೆಡ್ ಗುಮಾಸ್ತರು. ಇಪ್ಪತ್ತಾರು ವರ್ಷಗಳಲ್ಲಿ ಅವರನ್ನು ನಿಂತ ಭಂಗಿಯಲ್ಲಿ ನೋಡಿರದ ಕಾರಣ ಮೊದಲು ಗುರುತೇ ಸಿಗಲಿಲ್ಲ. ಒಂದು ಕೈ ಗೋಡೆಗೆ, ಇನ್ನೊಂದು ಕೈ ಮಂಡಿಗೆ. ಇಬ್ಬರು ಗುಮಾಸ್ತೆಯರು ಬಗಲಲ್ಲಿ ನಿಂತು, ಬಿದ್ದರೆ ಹಿಡಿಯಲು ತಯಾರಾಗಿದ್ದರು.

ಅರ್ಜಿಯಣ್ಣ ಏನೋ ಹೇಳಲು ಹೋದ. “ಬೆರಳು,” ಎಂದರು ಹೆಡ್ ಗುಮಾಸ್ತರು. ಬೆರಳು ಕೊಟ್ಟ. ಶಾಯಿ ಹಚ್ಚಿದರು, ಸ್ವಲ್ಪ ಜಾಸ್ತಿಯೇ. “ಫಲಿತಾಂಶ ಬರ್ಲಿ,” ಎಂದರು.

ಆ ರಾತ್ರಿ ಅವನು ಹೆಂಡತಿಗೆ, ಜಾಗ ಹೋಯಿತು ಎಂದ. ಅವರ ಕಾಲು ನೋಡಿದೆ, ಊದಿತ್ತು, ಎಂದ. ಅವಳು ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

ಫಲಿತಾಂಶ ಬಂತು. ಗೆದ್ದವರು ಗೆದ್ದರು. ಅರ್ಜಿಯಣ್ಣ ಆರನೆಯವನಾಗಿ ನಾಲ್ಕು ಸಾವಿರದ ಮುನ್ನೂರ ಹದಿನೆಂಟು ಮತ ಪಡೆದು ಸೋತ. ಭಾವಮೈದುನ ಅತ್ತ. ಅರ್ಜಿಯಣ್ಣ ಅಧಿಕಾರಿಯ ಸಹಿ ಬಿದ್ದ ಸೋಲಿನ ಪ್ರತಿಯನ್ನು ಎದೆಗವಚಿಕೊಂಡು ಸೀದಾ ಮೇಲೆ ಹೋದ.

ಹೆಡ್ ಗುಮಾಸ್ತರು ಕುರ್ಚಿಯಲ್ಲಿ, ಕಾಲನ್ನು ಇನ್ನೊಂದು ಕುರ್ಚಿಯಲ್ಲಿ ಇಟ್ಟುಕೊಂಡು ಕೂತಿದ್ದರು. ಮುಂದೆ ಕಾಗದದ ಗುಡ್ಡ. ಆರು ವಾರಗಳಿಂದ ಕಚೇರಿಗೆ ಬಂದ ಅರ್ಜಿಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಹುಟ್ಟಿದ ದಿನಾಂಕದಲ್ಲಿ ಫೋನ್ ನಂಬರು, ಫೋನ್ ನಂಬರಿನಲ್ಲಿ ಅತ್ತೆಯ ಹೆಸರು. ಮಾಹಿತಿ ಯಂತ್ರವೂ ಬಂದಿರಲಿಲ್ಲ. ಅದನ್ನು ತರಿಸಿಕೊಳ್ಳಲು ಕಳಿಸಬೇಕಾದ ಫಾರಂ ಅನ್ನು ಕಚೇರಿಯವರೇ ತುಂಬಿದ್ದರಿಂದ ಮೂರು ಸಲ ವಾಪಸಾಗಿತ್ತು.

ಅರ್ಜಿಯಣ್ಣ ತನ್ನ ಮೇಜು ಕುರ್ಚಿ ಕೇಳಿದ.

“ಅರ್ಜಿ ಕೊಡಿ,” ಎಂದರು ಅವರು.

ಇಪ್ಪತ್ತಾರು ವರ್ಷಗಳಲ್ಲಿ ಅರ್ಜಿಯಣ್ಣ ತನಗಾಗಿ, ಮಾದರಿಯಲ್ಲದೆ, ಮನಸಾರೆ ಬರೆದ ಎರಡನೆಯ ಅರ್ಜಿ ಅದು. ಅದರಲ್ಲಿ ಒಂದು ಚಿತ್ತಾಯಿತು. ಹೆಡ್ ಗುಮಾಸ್ತರು ಆ ಚಿತ್ತನ್ನು ಬಹಳ ಹೊತ್ತು ನೋಡಿದರು. ನೋಡಿ, ಅಂಚಿನಲ್ಲಿ ಬರೆದರು. ಮೆಟ್ಟಿಲ ಕೆಳಗಿನ ಜಾಗ, ಒಪ್ಪಿದೆ. ಮೇಜು, ಕೊಡಬಹುದು. ಕುರ್ಚಿ, ಅಭ್ಯರ್ಥಿಯ ಚಿಹ್ನೆಯಾದ ಕಾರಣ, ಚುನಾವಣಾ ತಕರಾರು ಸಲ್ಲಿಸುವ ಅವಧಿ ಮುಗಿಯುವವರೆಗೆ ಮೊಹರಿನಲ್ಲಿರತಕ್ಕದ್ದು.

“ಎಷ್ಟು ದಿನ ಸಾರ್?”

“ನಲವತ್ತೈದು.” ಹೆಡ್ ಗುಮಾಸ್ತರು ಕಾಲು ಸ್ವಲ್ಪ ಸರಿಸಿಕೊಂಡರು. “ನಾನು ನಿಂತಿದ್ದು ಹನ್ನೊಂದೇ ಗಂಟೆ.”

ಮರುದಿನ ಬೆಳಿಗ್ಗೆ ನೆಲದ ನಾಲ್ಕು ಬಿಳಿ ಚೌಕಗಳ ಮೇಲೆ ಮೇಜಿನ ನಾಲ್ಕು ಕಾಲುಗಳು ಕರಾರುವಾಕ್ಕಾಗಿ ಕೂತವು. ಮೇಲೆ ದಾರ ಏರಿತು. ಅದರ ಹಿಂದೆ ಅರ್ಜಿಯಣ್ಣ, ಏಳನೆಯ ಮೆಟ್ಟಿಲಿಗೆ ತಲೆ ತಗಲದಂತೆ ಕತ್ತು ವಾರೆ ಮಾಡಿ ನಿಂತಿದ್ದ. ಸಾಲು ಆಗಲೇ ಗೇಟಿನವರೆಗೆ ಬೆಳೆದಿತ್ತು. ಸಾಲಿನ ಮೊದಲಿಗರು ಬಸ್ ಮಾಲೀಕರು. ಬಸ್ಸಿನ ಪರ್ಮಿಟ್ಟಿನ ಅರ್ಜಿಯನ್ನು ಮುಂದಿಟ್ಟು, ಮುಖ ಬೇರೆ ಕಡೆ ತಿರುಗಿಸಿ, ಎಲ್ಲಿ ಸಹಿ ಹಾಕಬೇಕೋ ಪೆನ್ಸಿಲಿನಲ್ಲಿ ಗುರುತು ಮಾಡಿ ಎಂದು ಗೋಡೆಗೆ ಹೇಳಿದರು.

ಹತ್ತೂವರೆಗೆ ಹೆಂಡತಿ ಬಂದಳು. ಒಂದು ಕೈಲಿ ಡಬ್ಬಿ, ಇನ್ನೊಂದು ಕೈಲಿ ಅವಳು ಹೊಲಿಗೆ ಯಂತ್ರದ ಮುಂದೆ ಕೂರುವ ಸ್ಟೂಲು.

“ಸ್ಟೂಲು ಕುರ್ಚಿಯಲ್ಲ ಅಂತ ರಾಜಧಾನಿಯಿಂದ ಬರೆದು ಕಳಿಸಿದ್ದಾರಂತಲ್ಲ,” ಎಂದಳು.

ಅರ್ಜಿಯಣ್ಣ ಕೈ ಚಾಚಿದ. ಅವಳು ಸ್ಟೂಲು ಕೊಡಲಿಲ್ಲ. ದಾರದ ಕೊನೆಯತ್ತ ನೋಡಿದಳು.

“ಅದನ್ನ ತೆಗೀತೀರೋ, ಇದನ್ನ ವಾಪಸ್ ಒಯ್ಯಲೋ?”

ಅವನು ದಾರ ನೋಡಿದ. ಸ್ಟೂಲು ನೋಡಿದ. ಹದಿನಾಲ್ಕು ವರ್ಷ ಹಳದಿಯಾಗಿ ತೂಗಿದ್ದ ತನ್ನ ಸಾವನ್ನು ಕ್ಲಿಪ್ಪಿನಿಂದ ಬಿಡಿಸಿ ಅವಳ ಕೈಗೆ ಕೊಟ್ಟ. ಅವಳು ಅದನ್ನು ನಾಲ್ಕಾಗಿ ಮಡಚಿ, ಡಬ್ಬಿಯ ಚೀಲದಲ್ಲಿ ಹಾಕಿಕೊಂಡು, ಸ್ಟೂಲನ್ನು ಮೇಜಿನ ಹಿಂದೆ ಇಟ್ಟು ಹೋದಳು. ಮನೆಯಲ್ಲಿ ಅವಳು ಇನ್ನು ಯಾವುದರ ಮೇಲೆ ಕೂತು ಹೊಲಿಯುತ್ತಾಳೆ ಎಂಬುದು ಅರ್ಜಿಯಣ್ಣನಿಗೆ ಅವಳು ಗೇಟು ದಾಟಿದ ಮೇಲೆ ಹೊಳೆಯಿತು.

ಅವನು ಕೂತ. ಆಹಾ ಎನ್ನಿಸಿತು. ಎರಡು ಅರ್ಜಿ ಬರೆದ. ಮೂರನೆಯದಕ್ಕೆ ಬಂದವಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈಲಿ ಆಸ್ಪತ್ರೆಯ ಚೀಟಿ, ಮಡಚಿ ಮಡಚಿ ಬೆರಳಷ್ಟಾಗಿತ್ತು. ಅವಳು ಅವನನ್ನು ನೋಡಲಿಲ್ಲ. ಕತ್ತೆತ್ತಿ ದಾರದ ಉದ್ದಕ್ಕೂ ಹುಡುಕಿದಳು. ಕೊನೆಯ ಕ್ಲಿಪ್ಪಿನಲ್ಲಿ ಏನೂ ಇರಲಿಲ್ಲ.

“ಮಾದರಿ ಇರುತ್ತೆ, ನೋಡ್ಕೊಂಡು ಬರ್ಕೋಬಹುದು ಅಂದ್ರು,” ಎಂದಳು. “ಮರಣದ್ದು.”

“ಇತ್ತಮ್ಮ. ಈಗಿಲ್ಲ,” ಎಂದ ಅರ್ಜಿಯಣ್ಣ. ಎದ್ದ. ಸ್ಟೂಲನ್ನು ಮೇಜಿನ ಸುತ್ತ ತಂದು ಅವಳ ಹತ್ತಿರ ಇಟ್ಟ. “ನೀವು ಕೂತ್ಕೊಳ್ಳಿ. ನೀವೇನೂ ಬರೀಬೇಡಿ. ನಾನು ಕೇಳ್ತೀನಿ, ಹೇಳಿ ಸಾಕು.”

ಅವಳು ಕೂತಳು.

ಐದೂವರೆಗೆ ಮೊದಲು ಕುರ್ಚಿ ಬಿಟ್ಟೇಳದ ಹೆಡ್ ಗುಮಾಸ್ತರು ಆಗ ಮೆಟ್ಟಿಲು ಇಳಿಯುತ್ತಿದ್ದರು, ಒಂದೊಂದಕ್ಕೂ ಒಂದೊಂದು ನಿಮಿಷ ಕೊಟ್ಟು. ಏಳನೆಯ ಮೆಟ್ಟಿಲಲ್ಲಿ ನಿಂತು ಕಂಬಿಯ ಮೇಲಿಂದ ಬಗ್ಗಿ ನೋಡಿದರು. ಸ್ಟೂಲು ನೋಡಿದರು, ಅದರ ಮೇಲೆ ಕೂತವಳನ್ನು ನೋಡಿದರು, ಕತ್ತು ವಾರೆ ಮಾಡಿ ನಿಂತವನನ್ನು ನೋಡಿದರು.

“ಮೊಹರು ಹಾಕಿರೋದು ಅಭ್ಯರ್ಥಿಯ ಕುರ್ಚಿಗೆ,” ಎಂದರು ಮೇಲಿನಿಂದ. “ಸಾರ್ವಜನಿಕರು ಕೂರೋ ಕುರ್ಚಿ ಬಗ್ಗೆ ನಿಯಮದಲ್ಲಿ ಏನೂ ಇಲ್ಲ. ಒಂದು ಅರ್ಜಿ ಕೊಡಿ, ನೋಡೋಣ.”

“ಕೊಡ್ತೀನಿ ಸಾರ್,” ಎಂದ ಅರ್ಜಿಯಣ್ಣ, ತಲೆ ಎತ್ತದೆ. “ಮೊದಲು ಇವರದು ಮುಗೀಲಿ.”

ಹೊಸ ಫಾರಂ ತೆಗೆದು, ಮೇಜಿನ ಮೇಲೆ ಅಂಗೈಯಿಂದ ನೇರ ಮಾಡಿ, ಮೊದಲ ಕಾಲಮಿನ ಮೇಲೆ ಪೆನ್ನಿಟ್ಟು ಕಾದ.

“ನಿಧಾನವಾಗಿ ಹೇಳಿ,” ಎಂದ. “ಇಲ್ಲಿ ಮೂರು ಗಂಟೆ ಗಡುವಿಲ್ಲ.”